ತಾರಸಿ ಯಾರದು, ಬಿಲ್ ಯಾರದು

ರಾಯಚೂರಿನ ಬೇಸಿಗೆ ಅಂದ ಕೂಡಲೇ ಹೊರಗಿನವರು ಮಧ್ಯಾಹ್ನದ ಬಿಸಿಲಿನ ಬಗ್ಗೆ ಕೇಳುತ್ತಾರೆ. ಇಲ್ಲಿ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇರುವವರು ರಾತ್ರಿಯ ಮಾತು ಎತ್ತುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 42-43 ಡಿಗ್ರಿ ಮುಟ್ಟುವುದು ನಮಗೆ ಹೊಸದಲ್ಲ. ಆಫೀಸಿನಲ್ಲೋ, ಅಂಗಡಿಯಲ್ಲೋ, ಬೇವಿನ ಗಿಡದ ಕೆಳಗೋ ಕೂತು ಹೇಗೋ ಹೊತ್ತು ಕಳೆಯುತ್ತೇವೆ. ತೊಂದರೆ ಶುರುವಾಗುವುದು ರಾತ್ರಿ ಹತ್ತರ ಸುಮಾರಿಗೆ. ಹೊರಗೆ ಸ್ವಲ್ಪ ಗಾಳಿ ಬಿಟ್ಟಿರುತ್ತದೆ. ಓಣಿಯ ಕಟ್ಟೆ ಮೇಲೆ ಕೂತವರು ಹಾಯಾಗಿ ಮಾತಾಡುತ್ತಿರುತ್ತಾರೆ. ಮನೆಯೊಳಗೆ ಬಂದು ಫ್ಯಾನ್ ಹಾಕಿದರೆ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಜೋರು ಮಾಡಿದಷ್ಟೂ ಬಿಸಿ ಜಾಸ್ತಿ. ಗೋಡೆ ಬೆಚ್ಚಗೆ, ಹಾಸಿಗೆ ಬೆಚ್ಚಗೆ, ನಲ್ಲಿ ನೀರೂ ಬೆಚ್ಚಗೆ.

ಕಾರಣ ತಲೆ ಮೇಲೇ ಇದೆ. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಬೆಳಗಿನಿಂದ ಸಂಜೆವರೆಗೆ ಬಿಸಿಲು ಕುಡಿಯುತ್ತದೆ. ಸಿಮೆಂಟಿನ ಬೂದು ಬಣ್ಣದ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಅದರ ಮೈ 60 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಬಿಸಿ ನಿಧಾನವಾಗಿ ಕೆಳಗೆ ಇಳಿಯುತ್ತಾ ಬಂದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯೊಳಗೆ ಬಿಡುಗಡೆಯಾಗುತ್ತದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವ ಯಂತ್ರವಲ್ಲ. ಸೂರಿನ ಕೆಳಗೆ ನಿಂತ ಬಿಸಿ ಗಾಳಿಯನ್ನೇ ಅದು ನಮ್ಮ ಮೇಲೆ ತಳ್ಳುತ್ತದೆ. ಎಸಿ ಹಾಕಿಸಿದ ಮನೆಯಲ್ಲೂ ಕಥೆ ಇಷ್ಟೇ. ಮೇಲಿಂದ ಬಿಸಿ ಇಳಿಯುತ್ತಲೇ ಇರುತ್ತದೆ, ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ, ಮೀಟರ್ ಓಡುತ್ತದೆ.

ಕರೆಂಟ್ ಉಳಿಸುವ ಮಾತು ಬಂದಾಗೆಲ್ಲ ಬಲ್ಬ್ ಬದಲಿಸಿ, ಸ್ಟಾರ್ ಇರುವ ಫ್ರಿಜ್ ತಗೊಳ್ಳಿ, ಎಸಿ 24ಕ್ಕೆ ಇಡಿ ಅಂತ ಹೇಳುತ್ತಾರೆ. ಎಲ್ಲವೂ ಸರಿಯಾದ ಮಾತೇ. ಆದರೆ ನಮ್ಮಂಥ ಊರಲ್ಲಿ ಮೊದಲು ನೋಡಬೇಕಾದದ್ದು ತಾರಸಿಯನ್ನು. ತೀರಾ ಕಡಿಮೆ ಖರ್ಚಿನ ಉಪಾಯ ಇರುವುದೂ ಅಲ್ಲೇ, ಬಿಸಿಲು ತಿರುಗಿಸುವ ಹಾಗೆ ಅದಕ್ಕೆ ಬಿಳಿ ಸುಣ್ಣ ಹಚ್ಚುವುದು. ಆದರೂ ಊರಿನ ಯಾವುದಾದರೂ ಎತ್ತರದ ಕಟ್ಟಡ ಹತ್ತಿ ನೋಡಿದರೆ ಕಣ್ಣು ಹಾಯಿಸಿದಷ್ಟೂ ಬೂದು, ಕಪ್ಪು ತಾರಸಿಗಳೇ. ಇದೊಂದು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಇಷ್ಟು ಅಗ್ಗದ ಕೆಲಸವನ್ನು ಯಾಕೆ ಯಾರೂ ಮಾಡುವುದಿಲ್ಲ?

ಅಜ್ಜನ ಮನೆಯ ಮಾಳಿಗೆ

ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಅಜ್ಜನ ಊರಿಗೆ ಹೋಗುತ್ತಿದ್ದೆವು. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳದಷ್ಟು ಮಣ್ಣು. ಮಧ್ಯಾಹ್ನ ಹೊರಗೆ ಅಂಗಳದ ಕಲ್ಲು ಕಾಲು ಸುಡುತ್ತಿದ್ದರೂ ಪಡಸಾಲೆಯಲ್ಲಿ ಬರಿ ನೆಲದ ಮೇಲೆ ಮಲಗಿದರೆ ತಣ್ಣಗಿರುತ್ತಿತ್ತು. ಮೇಲಿನ ಬೆಳಕಿಂಡಿಯಿಂದ ಒಂದು ಬಿಸಿಲ ಕೋಲು ನೆಲಕ್ಕೆ ಬೀಳುತ್ತಿತ್ತು. ಅದು ಗೋಡೆ ಹತ್ತಿರ ಸರಿದ ಮೇಲೆ ಅಜ್ಜಿ ಚಹಾಕ್ಕೆ ಇಡುತ್ತಿದ್ದರು. ಆ ಮನೆಯಲ್ಲಿ ಆಗ ಫ್ಯಾನ್ ಇರಲಿಲ್ಲ. ಬೇಕು ಅಂತ ಯಾರೂ ಕೇಳಿದ ನೆನಪೂ ಇಲ್ಲ. ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಿದ್ದೆವು. ಮಣ್ಣಿನ ಮಾಳಿಗೆಗೂ ಬಿಸಿಲು ತಾಕುತ್ತದೆ. ಆದರೆ ಅಷ್ಟು ದಪ್ಪ ಮಣ್ಣು ದಾಟಿ ಬಿಸಿ ಕೆಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬಂದರೂ ಅದರ ಜೋರು ಕಡಿಮೆಯಾಗಿರುತ್ತದೆ.

ಹಾಗಂತ ಹಳೆಯ ಮನೆಗೇ ವಾಪಸ್ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅದೇ ಮಾಳಿಗೆ ಸೋರುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸಾಲಾಗಿ ಇಡುತ್ತಿದ್ದರು. ಗೋಡೆ ಸಂದಿಯಲ್ಲಿ ಚೇಳು ಇರುತ್ತಿದ್ದವು. ಮಳೆ ಹಿಡಿಯುವ ಮುಂಚೆ ಪ್ರತಿ ವರ್ಷ ಕರ್ಲ ಮಣ್ಣು ತಂದು ಮಾಳಿಗೆ ಮೇಲೆ ಹಾಕಿ ತುಳಿದು ಗಟ್ಟಿ ಮಾಡಬೇಕಿತ್ತು. ಅಜ್ಜ ಅದನ್ನು ಒಂದು ವರ್ಷವೂ ಬಿಡಲಿಲ್ಲ. ಆ ಮನೆ ತಂಪಾಗಿ ಇದ್ದದ್ದು ಮಣ್ಣಿನಿಂದ ಮಾತ್ರ ಅಲ್ಲ, ವರ್ಷಕ್ಕೊಮ್ಮೆ ಮಾಳಿಗೆ ಹತ್ತಿ ಅದರ ಆರೈಕೆ ಮಾಡುವ ಒಬ್ಬ ಮನುಷ್ಯ ಇದ್ದದ್ದರಿಂದ. ಮನೆ ಅವರದೇ, ಮಾಳಿಗೆ ಅವರದೇ, ಅದರ ಕೆಳಗೆ ಮಲಗುವವರೂ ಅವರೇ. ಈ ಮೂರೂ ಒಂದೇ ಕೈಯಲ್ಲಿ ಇದ್ದವು.

ಎರಡು ಕೈ ಸುಣ್ಣ

ಈಗಿನ ಮನೆಗೆ ಬಂದ ಮೇಲೆ ಎರಡನೇ ಬೇಸಿಗೆಗೆ ಮುಂಚೆ ನಾವು ತಾರಸಿಗೆ ಸುಣ್ಣ ಹಚ್ಚಿದೆವು. ಶಿವರಾತ್ರಿ ಮುಗಿದಿತ್ತು, ಬಿಸಿಲು ಏರುತ್ತಿತ್ತು. ಮೊದಲು ಮಾಲಕರನ್ನು ಕೇಳಬೇಕಲ್ಲ? ಹೋಗಿ ಕೇಳಿದೆ.

"ಯಜಮಾನ್ರ, ಮ್ಯಾಳಗಿ ಮ್ಯಾಲ ಸುಣ್ಣ ಹಚ್ಚಿಸ್ಲೇನ್ರೀ?"

"ಸುಣ್ಣ ಯಾಕ್ರೀ? ಸೋರಾಕತ್ತೈತೇನು?"

"ಸೋರಂಗಿಲ್ಲ ಬಿಡ್ರಿ. ರಾತ್ರಿ ಒಳಗ ಇರಾಕ ಆಗವಲ್ದು. ಭಾಳ ಕಾಯ್ತೈತಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಚ್ಚಿಸ್ಕೋರಿ, ನಂದೇನಿಲ್ಲ. ರೊಕ್ಕ ಮಾತ್ರ ನಾ ಕೊಡಂಗಿಲ್ಲ ನೋಡ್ರಿ" ಅಂದರು. ಒಳ್ಳೆಯ ಮನುಷ್ಯರು. ಅವರು ಇರುವುದು ಕೆಳಗಿನ ಮನೆಯಲ್ಲಿ. ಅವರ ಸೂರಿನ ಮೇಲೆ ನಮ್ಮ ಮನೆ ಇದೆ, ನಮ್ಮ ಸೂರಿನ ಮೇಲೆ ಸೂರ್ಯ ಇದ್ದಾನೆ. ನಮ್ಮ ರಾತ್ರಿ ಹೇಗಿರುತ್ತದೆ ಅನ್ನುವುದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಸುಣ್ಣದ ಹರಳು ತಂದು ಹಳೆಯ ಡ್ರಮ್ಮಿನಲ್ಲಿ ಹಾಕಿ ನೀರು ಬಿಟ್ಟೆವು. ಹರಳಿಗೆ ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ, ಕೈಗವಸು, ಕನ್ನಡಕ ಹಾಕಿಕೊಳ್ಳಲೇಬೇಕು. ಒಂದು ರಾತ್ರಿ ಹಾಗೇ ಆರಲು ಬಿಟ್ಟು, ಮರುದಿನ ಹಳೆಯ ಪಂಚೆಯಲ್ಲಿ ಸೋಸಿದೆವು. ಹತ್ತು ಕೆಜಿ ಸುಣ್ಣಕ್ಕೆ ಅರ್ಧ ಕೆಜಿಯಷ್ಟು ಫೆವಿಕಾಲ್ ನೀರಲ್ಲಿ ಕದಡಿ ಸೇರಿಸಿದೆವು. ಅದು ಇಲ್ಲದಿದ್ದರೆ ಸುಣ್ಣ ಒಣಗಿ ಕಾಲಿಗೆ, ಬಟ್ಟೆಗೆ ಅಂಟುತ್ತದೆ, ಗಾಳಿಗೆ ಹಾರುತ್ತದೆ. ಹಿಂದಿನವರು ಬೆಲ್ಲವನ್ನೋ ಅಂಟನ್ನೋ ಬೆರೆಸುತ್ತಿದ್ದರು ಅಂತ ಅವ್ವ ನೆನಪಿಸಿಕೊಂಡಳು. ಬೆಳಗ್ಗೆ ಬೇಗ ಎದ್ದು ತಾರಸಿ ಗುಡಿಸಿ, ತೊಳೆದು, ಬಿರುಕು ಇದ್ದಲ್ಲಿ ಬಿಳಿ ಸಿಮೆಂಟ್ ತುಂಬಿ, ಉದ್ದ ಕೋಲಿನ ಬ್ರಶ್‌ನಿಂದ ಒಂದು ಕೈ ಹಚ್ಚಿದ್ದಾಯಿತು. ಹಚ್ಚುವಾಗ ಸುಣ್ಣ ಅಷ್ಟೇನೂ ಬಿಳಿ ಕಾಣುವುದಿಲ್ಲ, ತಿಳಿ ಬೂದಿಯ ಹಾಗೆ ಇರುತ್ತದೆ. ಒಣಗಿದಂತೆ ಬಿಳಿ ಏರುತ್ತದೆ. ಮರುದಿನ ಅಡ್ಡಲಾಗಿ ಎರಡನೇ ಕೈ. ಸಾಮಾನಿನ ಖರ್ಚು ಸಾವಿರ ರೂಪಾಯಿಯೊಳಗೆ ಮುಗಿಯಿತು. ಒಬ್ಬ ಆಳಿನ ಕೂಲಿ ಬೇರೆ.

ಮೆಟ್ಟಿಲ ಕೋಣೆಯ ಪಕ್ಕ ಒಂದು ಪಟ್ಟಿಯಷ್ಟು ಜಾಗಕ್ಕೆ ಸುಣ್ಣ ಸಾಲಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದು ಒಳ್ಳೆಯದೇ ಆಯಿತು. ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ ಆ ಪಟ್ಟಿಯ ಮೇಲೆ ಬರಿಗಾಲು ಇಡಲು ಆಗುವುದಿಲ್ಲ, ತಕ್ಷಣ ಎತ್ತಬೇಕು. ಅಲ್ಲೇ ಪಕ್ಕದ ಬಿಳಿ ಜಾಗದಲ್ಲಿ ನಿಂತು ಒಣಹಾಕಿದ ಬಟ್ಟೆ ತೆಗೆಯಬಹುದು. ಬಿಸಿಲು ಅದೇ, ಗಾಳಿ ಅದೇ, ಸ್ಲ್ಯಾಬೂ ಅದೇ. ಬಣ್ಣ ಒಂದೇ ಬೇರೆ. ಬಂದ ನೆಂಟರನ್ನೆಲ್ಲ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದೇನೆ. ಯಾರಿಗೂ ಎರಡನೇ ಮಾತು ಹೇಳುವ ಅಗತ್ಯ ಬಿದ್ದಿಲ್ಲ. ಒಳಗೆ ಗೋಡೆಗೆ ನೇತುಹಾಕಿದ ಸಾದಾ ಥರ್ಮಾಮೀಟರ್‌ನಲ್ಲಿ ರಾತ್ರಿಯ ಹೊತ್ತು ಎರಡು ಮೂರು ಡಿಗ್ರಿ ಇಳಿದದ್ದು ಕಂಡಿತು. ಕೇಳಲಿಕ್ಕೆ ಚಿಕ್ಕ ಅಂಕಿ. ಮಲಗುವವರಿಗೆ ಅದು ನಿದ್ದೆ ಬರುವ ರಾತ್ರಿಗೂ ಬಾರದ ರಾತ್ರಿಗೂ ಇರುವ ವ್ಯತ್ಯಾಸ. ಅವ್ವ ನಡುರಾತ್ರಿ ಎದ್ದು ಬಾಗಿಲಲ್ಲಿ ಕೂರುವುದು ನಿಂತಿತು. ನನಗೆ ಅಷ್ಟು ಸಾಕಿತ್ತು.

ಸುಣ್ಣಕ್ಕೆ ಕೊರತೆಗಳೂ ಇವೆ. ಮಳೆಗೆ ತೊಳೆದು ಹೋಗುತ್ತದೆ, ವರ್ಷ ವರ್ಷ ಹಚ್ಚಬೇಕು. ನಮ್ಮ ಊರ ಧೂಳು ಕೂತರೆ ಬಿಳಿ ಮಾಸುತ್ತದೆ, ನಡುವೆ ಒಮ್ಮೆ ಗುಡಿಸಿದರೆ ಒಳ್ಳೆಯದು. ಎದುರು ಮನೆಯ ಮಹಡಿ ಎತ್ತರದಲ್ಲಿದ್ದರೆ ಅವರ ಕಣ್ಣಿಗೆ ಹೊಳಪು ಕುಕ್ಕುತ್ತದೆ. ಸ್ವಂತ ಮನೆಯವರು, ಕೈಯಲ್ಲಿ ಸ್ವಲ್ಪ ಹಣ ಇರುವವರು, ಬಿಸಿಲು ತಿರುಗಿಸುವ ಬಿಳಿ ಪೇಂಟ್ ಹಚ್ಚಿಸಬಹುದು. ಅದು ಕೆಲವು ವರ್ಷ ತಾಳುತ್ತದೆ. ಹೊಸದಾಗಿ ಕಟ್ಟಿಸುವವರು ತಾರಸಿಗೆ ಬಿಳಿ ಟೈಲ್ಸ್ ಚೂರು ಕೂರಿಸಿದರೆ ಇನ್ನೂ ಗಟ್ಟಿ ಕೆಲಸ. ತಾರಸಿಗೆ ಸಂಜೆ ನೀರು ಹೊಡೆಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ತಂಪಾಗುತ್ತದೆ ನಿಜ. ಕುಡಿಯುವ ನೀರಿಗೆ ಕಾಯುವ ಊರಲ್ಲಿ ನನಗೆ ಅದು ಸರಿ ಕಾಣುವುದಿಲ್ಲ.

ಸುಣ್ಣದ ಜೊತೆಗೆ ಇನ್ನೆರಡು ಕೆಲಸ ಮಾಡಿದೆವು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಹಸಿರು ನೆಟ್ ಕಟ್ಟಿದೆವು. ಒಳಗಿನ ಪರದೆ ಬೆಳಕು ತಡೆಯುತ್ತದೆ, ಆದರೆ ಅಷ್ಟರಲ್ಲಿ ಬಿಸಿ ಗಾಜು ದಾಟಿ ಒಳಗೆ ಬಂದಿರುತ್ತದೆ. ತಡೆ ಹೊರಗೇ ಇರಬೇಕು. ಇನ್ನೊಂದು, ಬೆಳಗ್ಗೆ ಒಂಬತ್ತರೊಳಗೆ ಕಿಟಕಿ ಮುಚ್ಚಿ ರಾತ್ರಿ ಹೊರಗೆ ತಂಪಾದ ಮೇಲೆ ತೆಗೆಯುವುದು. ಆಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಎದುರಿನ ಕಿಟಕಿ ತೆರೆದಿಟ್ಟರೆ ಒಳಗಿನ ಬಿಸಿ ಎಳೆದು ಹೋಗುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ ಅಂದರೂ ಸರಿ.

ಒಯ್ಯಲು ಬರುವುದು, ಬಾರದ್ದು

ಬಲ್ಬಿನ ವಿಷಯದಲ್ಲಿ ನಮ್ಮ ಜನ ಎಷ್ಟು ಬೇಗ ಬದಲಾದರು, ಅಲ್ವಾ? 2015ರಲ್ಲಿ ದೇಶದಲ್ಲಿ ಉಜಾಲಾ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಆಯಿತು. ಕೆಲವೇ ವರ್ಷದಲ್ಲಿ 60 ವ್ಯಾಟಿನ ಬಲ್ಬ್ ಹೋಗಿ 9 ವ್ಯಾಟಿನ ಎಲ್‌ಇಡಿ ಗುಡಿಸಲಿಗೂ ಬಂತು. ಬೆಲೆ ಇಳಿದದ್ದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನಿಸುತ್ತದೆ. ಮನೆ ಬಿಡುವಾಗ ಬಲ್ಬ್ ತಿರುವಿ ತೆಗೆದು ಚೀಲಕ್ಕೆ ಹಾಕಿಕೊಂಡು ಹೋಗಬಹುದು. ಬಾಡಿಗೆಯವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಫ್ಯಾನೂ ಹಾಗೇ, ಇಳಿಸಿಕೊಂಡು ಹೋಗಬಹುದು. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಅನ್ನುವ, ಕರೆಂಟ್ ಕಡಿಮೆ ಎಳೆಯುವ ಹೊಸ ಬಗೆಯ ಮೋಟಾರಿನ ಫ್ಯಾನ್ ಅದೇ ಗಾಳಿಗೆ 30 ವ್ಯಾಟ್ ಆಸುಪಾಸು. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿನಿಂದ 20 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 120 ರೂಪಾಯಿ. ಮೂರು ಸಾವಿರದ ಫ್ಯಾನ್ ಎರಡು ವರ್ಷ ದಾಟುವಷ್ಟರಲ್ಲಿ ತನ್ನ ಬೆಲೆ ವಾಪಸ್ ಕೊಡುತ್ತದೆ. ರಾಯಚೂರಲ್ಲಿ ಫ್ಯಾನ್ ನಿಲ್ಲುವ ತಿಂಗಳು ಎಷ್ಟಿವೆ ಹೇಳಿ? ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ಹಳೆಯ ಫ್ಯಾನ್ ಮುಕ್ಕಿ ತಿರುಗುತ್ತಿತ್ತು, ಇದು ಒಂದೇ ವೇಗದಲ್ಲಿ ತಿರುಗುತ್ತದೆ. ಇನ್ವರ್ಟರ್ ಮೇಲೂ ಹೆಚ್ಚು ಹೊತ್ತು ನಡೆಯುತ್ತದೆ. ಒಂದು ಎಚ್ಚರ ಬೇಕು. ಇದನ್ನು ಹಳೆಯ ರೆಗ್ಯುಲೇಟರ್ ಮೂಲಕ ಜೋಡಿಸಬಾರದು, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತಪ್ಪಿಸಿ ನೇರ ಲೈನ್ ಕೊಡಿಸಬೇಕು. ಎಲ್ಲ ಕೋಣೆಗೂ ಒಟ್ಟಿಗೆ ಹಾಕಬೇಕಂತಿಲ್ಲ. ರಾತ್ರಿ ಮಲಗುವ ಕೋಣೆಯದು ಮೊದಲು ಬದಲಿಸಿದರೆ ಸಾಕು.

ಕೂಲರ್ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಒಣ ಹವೆಗೆ ಅದು ಹೇಳಿ ಮಾಡಿಸಿದ್ದು. 150-200 ವ್ಯಾಟಿನಲ್ಲಿ ಒಂದು ಕೋಣೆ ತಂಪಾಗುತ್ತದೆ. ಒಂದೂವರೆ ಟನ್ ಎಸಿಗೆ ಇದರ ಏಳೆಂಟು ಪಟ್ಟು ಬೇಕು. ಕೂಲರ್ ಹಾಕಿ ಕಿಟಕಿ ಬಾಗಿಲು ಮುಚ್ಚಿದರೆ ಮಾತ್ರ ಕೆಲಸ ಕೆಡುತ್ತದೆ. ಒಳಗೆ ಬರಿ ಜಿಗುಟು. ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ಅರ್ಧ ತೆರೆದಿರಬೇಕು. ಮಂಗಳೂರಿನ ತಂಗಿ ಮನೆಯಲ್ಲಿ ಕೂಲರ್ ಇಟ್ಟರೆ ಉಪಯೋಗವಿಲ್ಲ, ಅಲ್ಲಿ ಗಾಳಿಯೇ ಒದ್ದೆ. ಬೆಂಗಳೂರಿನವರ ಲೆಕ್ಕ ಮತ್ತೊಂದು. ಅಲ್ಲಿ ಮೀಟರ್ ಓಡಿಸುವುದು ಗೀಸರ್. 25 ಲೀಟರ್ ನೀರು ಒಂದು ಸಲ ಕಾಯಲು ಹತ್ತಿರ ಹತ್ತಿರ ಒಂದು ಯೂನಿಟ್ ಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ನೀವೇ ಲೆಕ್ಕ ಹಾಕಿ. ಅವರು ಮೊದಲು ಸೋಲಾರ್ ವಾಟರ್ ಹೀಟರ್ ನೋಡಲಿ. ನಮಗೆ ಬೇಸಿಗೆಯಲ್ಲಿ ತಾರಸಿಯ ಕಪ್ಪು ಟ್ಯಾಂಕೇ ಬೇಡ ಬೇಡ ಅಂದರೂ ಬಿಸಿನೀರು ಕೊಡುತ್ತದೆ. ಅದಕ್ಕೂ ಸುಣ್ಣ ಹಚ್ಚಿದ್ದೇವೆ.

ಬಿಲ್ ಸೊನ್ನೆ ಇರುವಾಗ ಉಳಿಸುವುದು ಯಾಕೆ ಅಂತ ಕೇಳುವವರಿದ್ದಾರೆ. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲೆ ಇದು ಸಹಜವಾದ ಪ್ರಶ್ನೆ. ಆದರೆ ಆ ಯೋಜನೆಯ ಮಿತಿ 200 ಯೂನಿಟ್. ಒಂದು ತಿಂಗಳು ಅದು ದಾಟಿತು ಅಂದರೆ ಮಿತಿ ಮೀರಿದ ಯೂನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ನಮ್ಮಲ್ಲಿ ಮನೆಗಳು ಈ ಗೆರೆ ದಾಟುವುದು ಸರಿಯಾಗಿ ಏಪ್ರಿಲ್, ಮೇ ತಿಂಗಳಲ್ಲೇ. ಆಗ ಎರಡು ಫ್ಯಾನ್ ಉಳಿಸಿದ 40 ಯೂನಿಟ್ಟಿನ ಬೆಲೆ 240 ರೂಪಾಯಿ ಅಲ್ಲ, ಸಾವಿರದ ಮೇಲೆ. ಬಡ ಮನೆಗೆ ಇದು ದೊಡ್ಡ ಮೊತ್ತ. ಮತ್ತೆ, ದುಡ್ಡಿನ ಮಾತು ಬಿಟ್ಟರೂ ನಮಗೆ ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವ್ಯಾಟ್. ನಾಡಿಗೆಲ್ಲ ಕರೆಂಟ್ ಹೋಗುತ್ತದೆ, ಹಾರುಬೂದಿ ಇಲ್ಲಿನ ಹೊಲಕ್ಕೂ ಅಂಗಳಕ್ಕೂ ಬೀಳುತ್ತದೆ. ಒಂದು ಯೂನಿಟ್ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಾರಸಿ ಮಾತ್ರ ಚೀಲದಲ್ಲಿ ಬರುವುದಿಲ್ಲ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅನಿಸುತ್ತದೆ. ಸುಣ್ಣ ಹಚ್ಚಿದರೆ ಲಾಭ ಬಾಡಿಗೆಯವರಿಗೆ, ತಾರಸಿ ಮಾಲಕರದು. ಮುಂದಿನ ವರ್ಷ ಈ ಮನೆಯಲ್ಲಿ ಇರುತ್ತೇವೋ ಇಲ್ಲವೋ ಅಂತ ಬಾಡಿಗೆಯವರು ಕೈ ಹಾಕುವುದಿಲ್ಲ. ಬಿಲ್ ನನ್ನದಲ್ಲವಲ್ಲ ಅಂತ ಮಾಲಕರು ಹಣ ಹಾಕುವುದಿಲ್ಲ. ಇಬ್ಬರೂ ಕೆಟ್ಟವರಲ್ಲ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ನಡುವೆ ಸ್ಲ್ಯಾಬ್ ಕಾಯುತ್ತಾ ಇರುತ್ತದೆ. ಅದಕ್ಕೆ ನಾವು ಎಸಿ ತರುತ್ತೇವೆ. ಸಾವಿರ ರೂಪಾಯಿಯ ಕೆಲಸ ಆಗದೆ, ಮೂವತ್ತು ನಲವತ್ತು ಸಾವಿರದ ಯಂತ್ರ ಕಂತಿನ ಮೇಲೆ ಬರುತ್ತದೆ. ಎಸಿಯನ್ನಾದರೆ ಒಯ್ಯಬಹುದಲ್ಲ!

ಕಾನೂನು ಎಲ್ಲಿವರೆಗೆ ಮುಟ್ಟುತ್ತದೆ

ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗೆ ಅಂತಲೇ ಇಕೋ ನಿವಾಸ್ ಸಂಹಿತೆ ತಂದಿತು. ಸೂರಿನಿಂದ ಎಷ್ಟು ಬಿಸಿ ಇಳಿಯಬಹುದು ಅನ್ನುವುದಕ್ಕೂ ಅದರಲ್ಲಿ ಮಿತಿ ಇದೆ. ಬರಿ ಆರ್‌ಸಿಸಿ ಸ್ಲ್ಯಾಬ್ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದು 500 ಚದರ ಮೀಟರ್ ಮೇಲಿನ ನಿವೇಶನಗಳ ಹೊಸ ಕಟ್ಟಡಕ್ಕೆ ಮಾಡಿದ್ದು. ನಮ್ಮ 30-40ರ ಸೈಟು 111 ಚದರ ಮೀಟರ್ ಆಗುತ್ತದೆ ಅಷ್ಟೇ. ಕೃಷ್ಣೆ ದಾಟಿದರೆ ತೆಲಂಗಾಣ. ಅಲ್ಲಿನ ಸರ್ಕಾರ 2023ರಲ್ಲಿ ತಂಪು ತಾರಸಿಗೇ ಒಂದು ನೀತಿ ಮಾಡಿತು. ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ, ಸಣ್ಣ ಮನೆಗಳಿಗೆ ಇಷ್ಟವಿದ್ದರೆ. ಸಣ್ಣ ಮನೆಗಳೇ ಹೆಚ್ಚು ಬಿಸಿಯಾಗುವುದು ಅನ್ನುವುದು ನನ್ನ ತಕರಾರು. ಆದರೂ ಸರ್ಕಾರವೊಂದು ತಾರಸಿ ಕಡೆ ತಲೆ ಎತ್ತಿ ನೋಡಿದ್ದು ದೊಡ್ಡದು. ನಮ್ಮ ಕಲ್ಯಾಣ ಕರ್ನಾಟಕದ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ತಾರಸಿಗಾದರೂ ಇದು ಬರಬೇಕು.

ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ತಗಡಿನ ಮನೆಗಳಿಗೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮನೆ ತಗಡಿನದು. ಬೇಸಿಗೆ ಮಧ್ಯಾಹ್ನ ಅಲ್ಲಿ ಹಾಲು ಒಡೆಯುತ್ತದೆ, ರೊಟ್ಟಿ ಹಿಟ್ಟು ಹುಳಿಯಾಗುತ್ತದೆ. ಬಾಣಂತಿ ಮಗಳನ್ನು ಮಧ್ಯಾಹ್ನದ ಹೊತ್ತು ಗುಡಿಯ ಕಟ್ಟೆಗೆ ಕಳಿಸುತ್ತಿದ್ದಳು. ತಗಡು ತೆಳ್ಳಗೆ ಇರುವುದರಿಂದ ಬಿಸಿಲು ಬಿದ್ದ ಕೂಡಲೇ ಒಳಗೆ ಕಾವು ಹೊಡೆಯುತ್ತದೆ. ಬಿಳಿ ಬಣ್ಣದಿಂದ ಅತಿ ಹೆಚ್ಚು ಉಪಯೋಗ ಆಗುವುದು ಇಂಥ ಸೂರಿಗೇ. ಅಹಮದಾಬಾದಿನ ಬಡ ಬಡಾವಣೆಗಳಲ್ಲಿ ಮಹಿಳೆಯರ ಸಂಘಟನೆಗಳು ತಗಡಿಗೆ ಬಿಳಿ ಬಣ್ಣ ಬಳಿಯುವ ಕೆಲಸ ಮಾಡಿವೆ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಪೇಂಟೇ ಬೇಕು. ಎರಡು ಡಬ್ಬ ಪೇಂಟ್ ತಂದು ಅಕ್ಕನ ಮಗ ಒಂದೇ ದಿನದಲ್ಲಿ ಬಳಿದ. ಈಗ ಆ ಓಣಿಯಲ್ಲಿ ಇನ್ನೂ ನಾಲ್ಕೈದು ಮನೆಯವರು ಕೇಳುತ್ತಿದ್ದಾರೆ. ಒಟ್ಟಿಗೆ ದೊಡ್ಡ ಡಬ್ಬ ತಂದರೆ ಅಗ್ಗ ಬೀಳುತ್ತದೆ ಅಂತ ಅವರೇ ಲೆಕ್ಕ ಹಾಕಿದ್ದಾರೆ.

ನಮ್ಮ ಮಾಲಕರ ಜೊತೆ ಮತ್ತೆ ಮಾತಾಡಿದೆ. ಈ ಸಲ ಅವರನ್ನು ಮಧ್ಯಾಹ್ನ ತಾರಸಿಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಆ ಬೂದು ಪಟ್ಟಿಯ ಮೇಲೂ ಬಿಳಿ ಜಾಗದ ಮೇಲೂ ನಿಲ್ಲಿಸಿದೆ. ಆಮೇಲೆ ಇನ್ನೊಂದು ವಿಷಯ ಹೇಳಿದೆ. ತಾರಸಿ ಕಾಯುವುದು, ಆರುವುದು ಕಡಿಮೆಯಾದರೆ ಸ್ಲ್ಯಾಬ್ ಹಿಗ್ಗಿ ಕುಗ್ಗುವುದೂ ಕಡಿಮೆ, ಬಿರುಕು ಕಡಿಮೆ, ಸೋರುವುದೂ ಕಡಿಮೆ. ಸೋರುವ ಮಾತಿಗೆ ಅವರು ಕಿವಿಗೊಟ್ಟರು. ಮನೆ ಕಟ್ಟಿಸಿದವರಿಗೆ ಅದರ ಚಿಂತೆ ಇದ್ದೇ ಇರುತ್ತದೆ. ಹನ್ನೊಂದು ತಿಂಗಳ ಕರಾರು ಹೊಸದು ಮಾಡುವಾಗ ಒಂದು ಸಾಲು ಸೇರಿಸಿದ್ದೇವೆ. ಪ್ರತಿ ವರ್ಷ ಯುಗಾದಿಯೊಳಗೆ ತಾರಸಿಗೆ ಎರಡು ಕೈ ಸುಣ್ಣ ಹಚ್ಚಿಸುವುದು, ಸಾಮಾನಿನ ಖರ್ಚು ಮಾಲಕರದು, ಕೂಲಿ ಬಾಡಿಗೆದಾರರದು. ಕರಾರು ಟೈಪ್ ಮಾಡಿದವರು ಇಂಥದ್ದು ಹಿಂದೆ ಬರೆದಿಲ್ಲ ಅಂದರು. ಪಕ್ಕದ ಮನೆಯವರು ಆ ಸಾಲನ್ನು ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಅವರ ಮಾಲಕರು ಇರುವುದು ಹೈದರಾಬಾದಿನಲ್ಲಿ, ಚಪ್ಪಲಿ ಬಿಡಿಸಿ ನಿಲ್ಲಿಸಲು ಬರುವುದಿಲ್ಲ. ಫೋನಿನಲ್ಲಿ ಮಾತು ನಡೆದಿದೆ.